ಗಾಜಿನೊಳಗಿನ ಇನ್ನೊಂದು ಮೀನು

ಗಂಗಾವತಿಯಲ್ಲಿ ನನ್ನ ಗೆಳೆಯನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಕೌಂಟರಿನ ಪಕ್ಕ ಆರಡಿ ಉದ್ದದ ಟ್ಯಾಂಕ್, ಅದರೊಳಗೆ ಒಂದೇ ಒಂದು ಮೀನು. ಫಹಾಕ ಪಫರ್, ಹೆದರಿದರೆ ಮೈ ಉಬ್ಬಿಸಿಕೊಳ್ಳುವ ಜಾತಿಯದು. ತಂದಾಗ ನಿಂಬೆಹಣ್ಣಿನಷ್ಟಿತ್ತು, ಈಗ ಒಂದೂವರೆ ಗೇಣು ಬೆಳೆದಿದೆ. ಜೊತೆಗೆ ಬೇರೆ ಮೀನು ಬಿಡುವ ಹಾಗಿಲ್ಲ, ಕಚ್ಚಿ ಮುಗಿಸುತ್ತದೆ. ಹಲ್ಲುಗಳೆಲ್ಲ ಕೂಡಿಕೊಂಡು ಗಿಳಿಯ ಕೊಕ್ಕಿನ ಹಾಗಾಗಿವೆ. ಆ ಕೊಕ್ಕು ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಸವೆಸಲು ಚಿಪ್ಪಿರುವ ಬಸವನಹುಳು ಬೇಕು. ಭತ್ತದ ನಾಡಿನಲ್ಲಿ ಅದಕ್ಕೇನು ಬರ!

ಗೆಳೆಯನ ತಕರಾರು ಒಂದೇ. "ಕರೆಂಟ್ ಹೋತಂದ್ರ ಇದಕ್ಕ ಹುಚ್ಚು ಹಿಡದಂಗ ಆಗ್ತದಪಾ. ಗಾಜು ಉಜ್ಜಿಕೋತ ಆ ಕಡಿಂದ ಈ ಕಡಿಗೆ ಓಡೂದ ಓಡೂದು."

ಪಕ್ಕದ ಅಂಗಡಿಯ ಜನರೇಟರ್ ಸದ್ದಿಗೆ ಹೆದರುತ್ತದೆ ಅಂತ ಅವನ ಲೆಕ್ಕ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಂಜೆ ಅಲ್ಲಿ ಕೂತಿದ್ದಾಗಲೇ ಕರೆಂಟ್ ಹೋಯಿತು. ಜನರೇಟರ್ ಇನ್ನೂ ಶುರುವಾಗಿರಲಿಲ್ಲ, ಮೀನಿನ ಓಟ ಶುರುವಾಗಿತ್ತು. ಅಂಗಡಿಯ ಟ್ಯೂಬ್‌ಲೈಟ್ ಆರಿದರೂ ಟ್ಯಾಂಕಿನ ಎಲ್‌ಇಡಿ ಮಾತ್ರ ಉರಿಯುತ್ತಿತ್ತು. ಗಾಳಿ ಪಂಪಿನ ಜೊತೆ ಅದನ್ನೂ ಇನ್ವರ್ಟರ್‌ಗೆ ಸೇರಿಸಿದ್ದ ಪುಣ್ಯಾತ್ಮ.

ರಾತ್ರಿ ಬಸ್ಸಿನಲ್ಲಿ ಸಿಂಧನೂರು ದಾಟಿ ರಾಯಚೂರಿಗೆ ಹೋಗುವಾಗ ನೀವೂ ನೋಡಿರುತ್ತೀರಿ. ಒಳಗೆ ಲೈಟ್ ಹಾಕಿದ ಕೂಡಲೇ ಕಿಟಕಿಯಲ್ಲಿ ಹೊಲ ಮಾಯ, ನಿಮ್ಮ ಮುಖವೇ ಕಾಣುತ್ತದೆ. ಗಾಜಿಗೆ ನೇರವಾಗಿ ಬಿದ್ದ ಬೆಳಕಿನಲ್ಲಿ 100ಕ್ಕೆ ಕೆಲವು ಪಾಲು ಮಾತ್ರ ವಾಪಸ್ ಬರುತ್ತದೆ. ಹೊರಗೆ ಬೆಳಕಿದ್ದಾಗ ಅದು ಲೆಕ್ಕಕ್ಕೇ ಬರುವುದಿಲ್ಲ, ಹೊರಗೆ ಕತ್ತಲಾದರೆ ಅದೇ ಎದ್ದು ಕಾಣುತ್ತದೆ. ನೀರೊಳಗಿನ ಮೀನಿಗೆ ಇನ್ನೊಂದು ಪೇಚು ಇದೆ. ಗಾಜಿನ ಎದುರು ನೆಟ್ಟಗೆ ನಿಂತರೆ ಹೊರಗಿನದು ಕಾಣುತ್ತದೆ. ಓರೆಯಾಗಿ ನೋಡುತ್ತಾ ಹೋಗಿ ಆ ಓರೆ ಸುಮಾರು 49 ಡಿಗ್ರಿ ದಾಟಿದರೆ ಬೆಳಕು ಹೊರಗಿನ ಗಾಳಿಗೆ ಹೋಗುವುದೇ ಇಲ್ಲ, ಪೂರ್ತಿ ಒಳಕ್ಕೇ ತಿರುಗುತ್ತದೆ. ಗಾಜಿಗೆ ಒತ್ತಿಕೊಂಡು ಈಜುತ್ತಾ ಮುಂದೆ ನೋಡುವ ಮೀನಿಗೆ ಅದು ಅಪ್ಪಟ ಕನ್ನಡಿ. ಒಂಟಿಯಾಗಿ ಬಾಳುವ, ತನ್ನ ಜಾತಿಯದನ್ನೇ ಸಹಿಸದ ಮೀನಿನ ಎದುರು ಇನ್ನೊಂದು ಫಹಾಕ ಬಂದು ನಿಂತರೆ ಸುಮ್ನೆ ಇರುತ್ತದಾ?

ಗಾಜು ಉಜ್ಜುವ ಓಟಕ್ಕೆಲ್ಲ ಇದೇ ಕಾರಣ ಅಂತಲ್ಲ. ಕೆಟ್ಟ ನೀರು, ಇಕ್ಕಟ್ಟಾದ ಟ್ಯಾಂಕ್ ಇದ್ದರೂ ಹೀಗೆ ಆಡುತ್ತವೆ. ಆದರೆ ನೀರು, ಟ್ಯಾಂಕ್ ಎರಡೂ ಕರೆಂಟ್ ಹೋದಾಗಲೇ ಕೆಡುವುದಿಲ್ಲ ಅಲ್ವಾ?

ಮರುದಿನ ಗೆಳೆಯ ಎಲ್‌ಇಡಿಯನ್ನು ಇನ್ವರ್ಟರ್‌ನಿಂದ ತೆಗೆದುಬಿಟ್ಟ. ಆ ರಾತ್ರಿ ಕರೆಂಟ್ ಹೋದಾಗ ಓಟ ಇರಲಿಲ್ಲ, ಬದಲಿಗೆ ದಡ್ ಅಂತ ಸದ್ದು ಬಂತು. ಟಾರ್ಚ್ ಹಿಡಿದು ನೋಡಿದರೆ ಮರದ ಬೊಡ್ಡೆಗೆ ಡಿಕ್ಕಿ ಹೊಡೆದ ಮೀನಿನ ಮೂತಿಯ ಮೇಲೆ ತರಚು ಗಾಯ. ಪಫರ್‌ಗೆ ಬೇರೆ ಮೀನುಗಳ ಹಾಗೆ ಹುರುಪೆಯ ಕವಚ ಇಲ್ಲ, ಬರೀ ಚರ್ಮ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಸಲಹೆ ಕೊಟ್ಟವನು ನಾನೇ.

ನಾವು ಬಿಸಿಲಿನಿಂದ ಒಳಗೆ ಬಂದರೆ ಕಣ್ಣಿನ ಪಾಪೆ ಕ್ಷಣದಲ್ಲಿ ಅಗಲವಾಗುತ್ತದೆ. ಹೆಚ್ಚಿನ ಮೀನುಗಳ ಪಾಪೆ ಅಷ್ಟಾಗಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅವುಗಳ ಹೊಂದಾಣಿಕೆ ಕಣ್ಣಿನ ಹಿಂದಿನ ಪರದೆಯಲ್ಲಿ ನಡೆಯುತ್ತದೆ. ಮಂದ ಬೆಳಕಿಗಾಗಿ ಇರುವ ಕೋಶಗಳು ಹಗಲು ಹೊತ್ತು ಉದ್ದವಾಗಿ ಕಪ್ಪು ಬಣ್ಣದ ಪದರದೊಳಗೆ ತಲೆ ಮರೆಸಿಕೊಳ್ಳುತ್ತವೆ, ಕತ್ತಲಾದ ಮೇಲೆ ಗಿಡ್ಡವಾಗಿ ಈಚೆ ಬರುತ್ತವೆ. ಇದಕ್ಕೆ ಹತ್ತಾರು ನಿಮಿಷ ಬೇಕು. ನದಿಯಲ್ಲಿ ಸೂರ್ಯ ಮುಳುಗುವುದು ನಿಧಾನವಾದ್ದರಿಂದ ಸಮಯ ಸಿಗುತ್ತದೆ. ಸ್ವಿಚ್‌ಗೆ ಆ ತಾಳ್ಮೆ ಇಲ್ಲ.

ಪಫರ್‌ಗಳ ಕಣ್ಣೇ ಒಂದು ಬೆರಗು. ಎರಡೂ ಕಣ್ಣು ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ರೆಪ್ಪೆ ಇಲ್ಲದಿದ್ದರೂ ಗುಡ್ಡೆಯನ್ನು ಒಳಕ್ಕೆಳೆದು ಸುತ್ತಲ ಚರ್ಮವನ್ನು ಬಿಗಿಯಬಲ್ಲವು, ಅಜ್ಜಿಯ ಎಲೆ-ಅಡಿಕೆ ಸಂಚಿಯ ದಾರ ಎಳೆದ ಹಾಗೆ. ಕೆಲವು ಪಫರ್‌ಗಳ ಕಣ್ಣಿನ ಪಾರದರ್ಶಕ ಹೊರಪದರದಲ್ಲಿ ಹಳದಿ ಬಣ್ಣದ ಕೋಶಗಳಿವೆ. ಬೆಳಕು ಜಾಸ್ತಿಯಾದರೆ ಆ ಹಳದಿ ಅಂಚಿನಿಂದ ಮಧ್ಯಕ್ಕೆ ಹರಡುತ್ತದೆ, ಕತ್ತಲಾದರೆ ಹಿಂದೆ ಸರಿಯುತ್ತದೆ. ಹುಟ್ಟುತ್ತಲೇ ಬಂದ ಕೂಲಿಂಗ್ ಗ್ಲಾಸ್! ಹಳದಿ ತಡೆಯುವುದು ನೀಲಿ ಬೆಳಕನ್ನು. ಅಂಗಡಿಯವರು ಟ್ಯಾಂಕಿನ ಜೊತೆ ಕೊಟ್ಟಿದ್ದು ನೀಲಿ ಮಿಶ್ರಿತ ಬಿಳಿ ಎಲ್‌ಇಡಿ, ಕೆಳಗೆ ಹಾಸಿದ್ದು ಹಾಲಿನಂಥ ಬಿಳಿ ಕಲ್ಲು. ಮೇಲಿನಿಂದಲೂ ಝಳ, ಕೆಳಗಿನಿಂದಲೂ ಝಳ.

ಫಹಾಕ ನೈಲ್, ನೈಜರ್, ಚಾಡ್, ವೋಲ್ಟಾ ನೀರಿನ ಮೀನು. ಸುಮಾರು 43 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಅದರ ಅಣ್ಣ ಎನ್ನಬಹುದಾದ ಎಂಬು ಪಫರ್ ಕಾಂಗೋ ನದಿಯದು, 67 ಸೆಂಟಿಮೀಟರ್ ಮುಟ್ಟುತ್ತದೆ. ಅದನ್ನು ಮನೆಯಲ್ಲಿ ಸಾಕುವ ಆಸೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ, ಅದಕ್ಕೆ ಬೇಕಾಗುವುದು ಟ್ಯಾಂಕಲ್ಲ, ಬಾವಿ. ಇಂಥ ದೊಡ್ಡ ನದಿಗಳ ಕದಡಿದ ನೀರು ಹೇಗಿರುತ್ತದೆ ಅಂತ ತಿಳಿಯಲು ಆಫ್ರಿಕಾಕ್ಕೆ ಹೋಗಬೇಕಿಲ್ಲ. ಮಳೆಗಾಲದಲ್ಲಿ ತುಂಗಭದ್ರೆಯಲ್ಲಿ ಸೊಂಟದ ಮಟ್ಟ ಇಳಿದು ನಿಂತರೆ ನಿಮ್ಮ ಪಾದ ನಿಮಗೇ ಕಾಣದು. ಕೊಳೆತ ಎಲೆಯ ಬಣ್ಣ ಇಳಿದ ಕಂದು ನೀರು ನೀಲಿ ಬೆಳಕನ್ನು ಮೊದಲೇ ನುಂಗಿಬಿಡುತ್ತದೆ. ಆಳಕ್ಕೆ ತಲುಪುವುದು ಮಂಕಾದ, ಹಳದಿ ಕೆಂಪು ಬೆಳಕು.

ಇನ್ನು ಎಷ್ಟು ಹೊತ್ತು ಅನ್ನುವ ಪ್ರಶ್ನೆ. ಸಮಭಾಜಕದ ಹತ್ತಿರ ವರ್ಷವಿಡೀ ಹಗಲು 12 ಗಂಟೆಯ ಆಸುಪಾಸು. ಅಂಗಡಿಯಲ್ಲಿ ಬೆಳಗ್ಗೆ ಏಳರಿಂದ ರಾತ್ರಿ ಹತ್ತೂವರೆವರೆಗೆ ಲೈಟ್. ಮೀನಿನ ನೆತ್ತಿಯ ಒಳಗೂ ಬೆಳಕು ಗುರುತಿಸುವ ಒಂದು ಅಂಗ ಇದೆ. ರಾತ್ರಿಯಾಯಿತು ಎಂಬ ಸುದ್ದಿಯನ್ನು ಅದು ಮೆಲಟೋನಿನ್ ಎಂಬ ಹಾರ್ಮೋನಿನ ಮೂಲಕ ಮೈಗೆಲ್ಲ ಮುಟ್ಟಿಸುತ್ತದೆ. ಕಣ್ಣು ಮುಚ್ಚಿಕೊಂಡರೂ ಆ ಅಂಗಕ್ಕೆ ಮೋಸ ಮಾಡಲಾಗದು.

ಕೊನೆಗೆ ಖರ್ಚಾಗಿದ್ದು ಇನ್ನೂರು ರೂಪಾಯಿಯೂ ಇಲ್ಲ. ಬಿಳಿ ಕಲ್ಲು ತೆಗೆದು ತೊಳೆದ ಕಂದು ಮರಳು ಹಾಕಿದೆವು. ಎಲ್‌ಇಡಿಯ ಕೆಳಗೆ ಹಳದಿ ಪ್ಲಾಸ್ಟಿಕ್ ಹಾಳೆ ಕಟ್ಟಿದೆವು. ಸಂಜೆ ಆರಕ್ಕೇ ಟ್ಯಾಂಕಿನ ಲೈಟ್ ಬಂದ್, ಅಂಗಡಿಯ ಲೈಟ್ ಮಾತ್ರ. ಇನ್ವರ್ಟರ್‌ಗೆ ಪಂಪಿನ ಜೊತೆ ಒಂದು ಜೀರೋ ಬಲ್ಬ್ ಸೇರಿಸಿ, ಅದನ್ನು ಟ್ಯಾಂಕಿನ ಮೇಲಲ್ಲ, ಎದುರಿನ ಗೋಡೆಗೆ ಹಾಕಿದೆವು. ಕರೆಂಟ್ ಹೋದರೂ ಗಾಜಿನ ಹೊರಗೆ ಒಂದಿಷ್ಟು ಬೆಳಕು ಉಳಿಯಲಿ ಅಂತ.

ಮೊನ್ನೆ ಹೋದಾಗ ಕರೆಂಟ್ ಇರಲಿಲ್ಲ. ಮೀನು ಮರಳಿನಲ್ಲಿ ಅರ್ಧ ಹೂತುಕೊಂಡು ಮಲಗಿತ್ತು. ಒಂದು ಕಣ್ಣು ನನ್ನ ಕಡೆ, ಇನ್ನೊಂದು ಬಸವನಹುಳುವಿನ ಡಬ್ಬಿಯ ಕಡೆ.