ಬೆಂಗಳೂರಿಂದ ಫ್ರೆಂಡ್ಸ್ ಬರ್ತಿದ್ದಾರೆ, ಮಂಗಳೂರಲ್ಲಿ ಎಲ್ಲಿಗೆ ಕರ್ಕೊಂಡು ಹೋಗ್ಲಿ?

ಪ್ರಶ್ನೆ: ಕೆಲಸದ ಮೇಲೆ ಮಂಗಳೂರಿಗೆ ಬಂದು ಸ್ವಲ್ಪ ಸಮಯ ಆಗಿದೆ ಅಷ್ಟೆ. ಕಾಲೇಜ್ ಫ್ರೆಂಡ್ಸ್ ವೀಕೆಂಡ್‌ಗೆ ಬರ್ತಿದಾರೆ, ಶನಿವಾರ ಬೆಳಗ್ಗೆ ಇಳಿದು ಭಾನುವಾರ ರಾತ್ರಿ ಬಸ್ ಹತ್ತೋದು. ನೆಟ್‌ನಲ್ಲಿ ನೋಡಿದ್ರೆ ಹತ್ತು ಬೀಚು ಹತ್ತು ದೇವಸ್ಥಾನದ ಲಿಸ್ಟು, ಯಾವ್ದು ಹಿಡಿಯೋದು ಯಾವ್ದು ಬಿಡೋದು ಗೊತ್ತಾಗ್ತಿಲ್ಲ. ನೀವಾಗಿದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತಿದ್ರಿ?

ಉತ್ತರ: ಆ ಲಿಸ್ಟ್ ಮೊದ್ಲು ಬದಿಗಿಡಿ ಮಾರಾಯ್ರೆ. ಲಿಸ್ಟ್ ಮಾಡುವವರಿಗೆ ಇಲ್ಲಿಯ ಸೆಕೆ ಗೊತ್ತಿರುದಿಲ್ಲ. ಹನ್ನೊಂದು ಗಂಟೆ ಆದ ಮೇಲೆ ಬೆಂಗಳೂರಿನವರನ್ನು ಬಿಸಿಲಲ್ಲಿ ನಡೆಸಿದ್ರೆ ಅವರಿಗೆ ಊರು ನೆನಪಿರುದಿಲ್ಲ, ಬೆವರು ಮಾತ್ರ ನೆನಪಿರ್ತದೆ. ಅದಕ್ಕೆ ನಾನು ಹೊತ್ತು ನೋಡಿ ಪ್ಲಾನ್ ಮಾಡುದು: ಬೆಳಿಗ್ಗೆ ಬೇಗ ಒಂದು ಜಾಗ, ಸಾಧ್ಯ ಆದ್ರೆ ಇನ್ನೊಂದು, ಮಧ್ಯಾಹ್ನ ಮೀನೂಟ ಮತ್ತೆ ನಿದ್ದೆ, ಸಂಜೆ ನಾಲ್ಕೂವರೆ ಮೇಲೆ ನೀರಿನ ಹತ್ರ.

ಇನ್ನೊಂದು, ಯಾವ ತಿಂಗಳು ಬರ್ತಿದ್ದಾರೆ ಅಂತ ನೀವು ಬರೀಲೇ ಇಲ್ಲ. ಅದು ತುಂಬಾ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, 61 ದಿನ ಟ್ರಾಲ್ ಬೋಟುಗಳೆಲ್ಲ ದಕ್ಕೆಯಲ್ಲೇ, ಅಂದ್ರೆ ದೋಣಿ ನಿಲ್ಲುವ ಕಟ್ಟೆಯಲ್ಲೇ, ಕಟ್ಟಿರ್ತವೆ, ಮೀನಿನ ರೇಟು ಕೇಳಿದ್ರೆ ತಲೆ ತಿರುಗ್ತದೆ. ಕಡಲಿಗೆ ಇಳಿಯುದಂತೂ ಬೇಡವೇ ಬೇಡ. ಆದ್ರೆ ಮಳೆ ನೋಡ್ಲಿಕ್ಕೆ ಅಂತಲೇ ಬರುವವರಾದ್ರೆ ಅದೇ ಬೆಸ್ಟ್ ಸೀಸನ್ನು. ನವೆಂಬರಿಂದ ಮೇ ತನಕ ಬಂದ್ರೆ ರಾತ್ರಿ ಎಲ್ಲಿಯಾದ್ರೂ ಕಟೀಲು ಮೇಳದ್ದೋ ಬೇರೆ ಮೇಳದ್ದೋ ಯಕ್ಷಗಾನ ಬಯಲಾಟ ಇದ್ದೇ ಇರ್ತದೆ, ಟಿಕೆಟ್ ಇಲ್ಲ, ಹೋಗಿ ಕೂತ್ರೆ ಆಯ್ತು, ಮೇ ಕೊನೆಗೆ ಬರುವ ಪತ್ತನಾಜೆ ದಿನ ಕಳೆದ ಮೇಲೆ ಮೇಳ ಹೊರಡುದಿಲ್ಲ. ದಸರಾ ಟೈಮಿಗೆ ಬಂದ್ರೆ ಮತ್ತೆ ಪ್ಲಾನೇ ಬೇಡ, ಕುದ್ರೋಳಿ ದೇವಸ್ಥಾನ, ರಥಬೀದಿ, ಪಿಲಿವೇಷ ಅಂದ್ರೆ ಹುಲಿವೇಷ, ಬೀದಿಯಲ್ಲಿ ನಿಂತ್ರೆ ಸಾಕು.

ಈಗ ನಿಮ್ಮ ಪ್ರಶ್ನೆಗೆ. ಒಂದೇ ಒಂದು ಸಂಜೆ ಇರುದು ಅಂತಾದ್ರೆ ನಾನು ಪಣಂಬೂರು ಬೀಚಿಗೆ ಕರ್ಕೊಂಡು ಹೋಗುದಿಲ್ಲ, ಸುಲ್ತಾನ್ ಬತ್ತೇರಿಗೆ ಕರ್ಕೊಂಡು ಹೋಗ್ತೇನೆ. ಬೋಳೂರಲ್ಲಿ ಗುರುಪುರ ನದಿಯ ದಡದಲ್ಲಿ ಕಪ್ಪು ಕಲ್ಲಿನ ಒಂದು ಕಾವಲು ಗೋಪುರ ಅದು, ಟಿಪ್ಪು 1784ರಲ್ಲಿ ಕಟ್ಟಿಸಿದ್ದು, ಶತ್ರುಗಳ ಹಡಗು ನದಿಯೊಳಗೆ ಬರದ ಹಾಗೆ. ಗೋಪುರ ಸಣ್ಣದು, ಕೋಟೆ ಅಂತ ಆಸೆ ಹುಟ್ಟಿಸಿ ಕರ್ಕೊಂಡು ಬಂದ್ರೆ "ಇಷ್ಟೇನಾ" ಅಂತ ಕೇಳ್ತಾರೆ, ಹತ್ತು ನಿಮಿಷದಲ್ಲಿ ನೋಡಿ ಮುಗೀತದೆ. ವಿಷಯ ಇರುದು ಅದರ ಪಕ್ಕದ ದೋಣಿಯಲ್ಲಿ. ಅಲ್ಲಿಂದ ಆಚೆ ತಣ್ಣೀರುಬಾವಿಗೆ ಫೆರಿ ಹೋಗ್ತದೆ, ಟೂರಿಸ್ಟರಿಗೆ ಅಂತ ಇಟ್ಟದ್ದಲ್ಲ, ಆಚೆ ಬದಿಯ ಜನ ದಿನಾ ಓಡಾಡುವ ದೋಣಿ, ಮೀನಿನ ಬುಟ್ಟಿ, ಶಾಲೆ ಮಕ್ಕಳ ಬ್ಯಾಗು, ರೇಷನ್ ಚೀಲ ಎಲ್ಲ ಅದರಲ್ಲೇ. ದುಡ್ಡು ತುಂಬಾ ಕಮ್ಮಿ, ಚಿಲ್ಲರೆ ಕೈಯಲ್ಲಿಟ್ಕೊಳ್ಳಿ. ಕೆಲವೇ ನಿಮಿಷದ ದಾರಿ, ಆದ್ರೆ ನದಿ ಮಧ್ಯಕ್ಕೆ ಬಂದ ಕೂಡ್ಲೇ ಗಾಳಿಯೇ ಬದಲಾಗ್ತದೆ, ಅಷ್ಟೊತ್ತು ಮೊಬೈಲ್ ನೋಡ್ತಿದ್ದವರೂ ತಲೆ ಎತ್ತುತ್ತಾರೆ. ಆಚೆ ಇಳಿದ್ರೆ ಒಂದು ಸಪೂರ ಪಟ್ಟಿಯ ಹಾಗಿರುವ ನೆಲ, ಹಿಂದೆ ನದಿ ಮುಂದೆ ಕಡಲು, ಸ್ವಲ್ಪ ನಡೆದ್ರೆ ಬೀಚು. ದೂರದಲ್ಲಿ ಎನ್‌ಎಂಪಿಗೆ, ಅಂದ್ರೆ ನವ ಮಂಗಳೂರು ಬಂದರಿಗೆ, ಒಳಗೆ ಬರ್ಲಿಕ್ಕೆ ಕಾಯುವ ಹಡಗುಗಳು ಲೈನಾಗಿ ನಿಂತಿರ್ತವೆ, ಸೂರ್ಯ ಮುಳುಗಿದ ಮೇಲೆ ಅವುಗಳ ಲೈಟು ಒಂದೊಂದೇ ಹತ್ತುದು ನೋಡ್ಲಿಕ್ಕೆ ಚಂದ. ಆದ್ರೆ ಹೋಗುವಾಗಲೇ ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ, ತಪ್ಪಿದ್ರೆ ಪಣಂಬೂರು ಕೂಳೂರು ಸುತ್ತಿ ರಿಕ್ಷಾದಲ್ಲಿ ಬರ್ಬೇಕು. ಮಳೆಗಾಲದಲ್ಲಿ ನದಿ ತುಂಬಿದ್ರೆ ದೋಣಿ ಇರುದಿಲ್ಲ.

ಪಣಂಬೂರು ಕೆಟ್ಟದು ಅಂತ ಅಲ್ಲ, ಲೈಫ್‌ಗಾರ್ಡ್ ಇದ್ದಾರೆ, ಚರುಂಬುರಿ ಸಿಗ್ತದೆ, ಮಕ್ಕಳಿದ್ರೆ ಅಲ್ಲಿಗೇ ಹೋಗಿ. ಭಾನುವಾರ ಸಂಜೆ ಮಾತ್ರ ಇಡೀ ಜಿಲ್ಲೆ ಅಲ್ಲೇ ಇರ್ತದೆ. ಸೋಮೇಶ್ವರಕ್ಕೆ ಹೋಗುದಾದ್ರೆ ಬಂಡೆ ಮೇಲಿನ ದೇವಸ್ಥಾನ ನೋಡಿ, ಹಾಗೇ ಉಳ್ಳಾಲದಲ್ಲಿ ಪೋರ್ಚುಗೀಸರ ಜೊತೆ ಜಗಳ ಆಡಿದ ರಾಣಿ ಅಬ್ಬಕ್ಕನ ಪ್ರತಿಮೆ ನೋಡಿ, ಆದ್ರೆ ನೀರಿಗೆ ಇಳೀಬೇಡಿ. ಅಲ್ಲಿಯ ಕಡಲು ಶಾಂತ ಇದ್ದ ಹಾಗೆ ಕಾಣ್ತದೆ, ಕಾಲಡಿ ಎಳೀತದೆ, ಈಜು ಬರುವವರೇ ಮುಳುಗಿ ಹೋಗಿದ್ದಾರೆ. ಬೋರ್ಡು ಹಾಕಿದ್ದು ಸುಮ್ಮನೆ ಅಲ್ಲ.

ಬೆಳಿಗ್ಗೆಗೆ ಬರುವ. ಫ್ರೆಂಡ್ಸ್ ಬಸ್ಸಿಂದ ಇಳಿಯುದೇ ಬೇಗ ಅಲ್ವಾ, ಮೀನು ತಿನ್ನುವವರಾದ್ರೆ ಸೀದಾ ಬಂದರು ದಕ್ಕೆಗೆ ಕರ್ಕೊಂಡು ಹೋಗಿ. ಹಳೇ ಚಪ್ಪಲಿ ಹಾಕ್ಲಿ, ನೆಲ ಇಡೀ ನೀರು, ಐಸು, ಮೀನಿನ ಚೂರು, ಜಾರ್ತದೆ. ಬೋಟಿಂದ ಬುಟ್ಟಿ ಇಳಿಸುದು, ಏಲಂ ಕೂಗುದು ತುಳುವಲ್ಲಿ ಬ್ಯಾರಿಯಲ್ಲಿ, ಹೆಂಗಸರು ಒಂದು ಬಂಗುಡೆ ಎತ್ತಿ ಕಿವಿರು ಬಿಡಿಸಿ ಒಂದು ಸೆಕೆಂಡು ನೋಡಿ ರೇಟು ಹೇಳುದು, ಕೆಂಪಿದ್ರೆ ಫ್ರೆಶ್ಶು, ಕಂದಿದ್ರೆ ನಿನ್ನೆದು. ಅವರಿಗೆ ಅದು ಹೊಟ್ಟೆಪಾಡು, ದಾರಿಗೆ ಅಡ್ಡ ನಿಂತು ರೀಲ್ಸ್ ಮಾಡಿದ್ರೆ ಬೈಗುಳ ಗ್ಯಾರಂಟಿ, ಬದಿಗೆ ನಿಂತು ನೋಡಿ. ವಾಸನೆ ಆಗದವರಿಗೆ ಕದ್ರಿ ದೇವಸ್ಥಾನ ಇದೆ, ಬೆಳಿಗ್ಗೆ ತಂಪಿರ್ತದೆ, ಗೋಮುಖದ ನೀರು ಕೆರೆಗಳಿಗೆ ಬೀಳ್ತಾ ಇರ್ತದೆ. ಒಳಗೆ ಲೋಕೇಶ್ವರನ ಕಂಚಿನ ಮೂರ್ತಿ ತಪ್ಪದೆ ತೋರಿಸಿ, ಪೀಠದ ಮೇಲೆ ಆಳುಪ ರಾಜ ಕುಂದವರ್ಮನ ಶಾಸನ ಉಂಟು, ಕ್ರಿ.ಶ. 968ರದ್ದು. ಸಾವಿರ ವರ್ಷ ದಾಟಿದ ಕಂಚು ಅಷ್ಟು ಹತ್ತಿರದಿಂದ ಬೇರೆಲ್ಲಿ ನೋಡ್ಲಿಕ್ಕೆ ಸಿಗ್ತದೆ ಹೇಳಿ.

ಆಮೇಲೆ ಸೈಂಟ್ ಅಲೋಶಿಯಸ್ ಚಾಪೆಲ್, ಇದನ್ನು ಬಿಡ್ಲೇಬೇಡಿ. ಆಂಟೋನಿಯೊ ಮೊಸ್ಕೇನಿ ಅಂತ ಇಟಲಿಯ ಒಬ್ಬ ಜೆಸ್ವಿಟ್ ಬ್ರದರ್ 1899ರಲ್ಲಿ ಇಲ್ಲಿಗೆ ಬಂದು ಗೋಡೆ, ಮಾಡು ಒಂದೂ ಬಿಡದೆ ಚಿತ್ರ ಬರೆದದ್ದು. ಗೋಡೆಯದ್ದು ಫ್ರೆಸ್ಕೊ, ಅಂದ್ರೆ ಹಸಿ ಗಾರೆ ಒಣಗುದ್ರೊಳಗೆ ಬಣ್ಣ ಹಾಕಿ ಮುಗಿಸ್ಬೇಕು, ಮೇಲಿನದ್ದು ಕ್ಯಾನ್‌ವಾಸಿನ ಮೇಲೆ ಎಣ್ಣೆ ಬಣ್ಣ. ನಮ್ಮ ಊರಿನ ತೇವಕ್ಕೆ ಮನೆ ಗೋಡೆಯ ಪೇಂಟೇ ನಾಲ್ಕು ಮಳೆಗಾಲ ನಿಲ್ಲುದಿಲ್ಲ, ಇದು ನೂರು ವರ್ಷ ದಾಟಿತು. ನಡುವೆ ಹಾಳಾಗ್ತಾ ಬಂದಾಗ 1990ರ ದಶಕದಲ್ಲಿ ಹಳೇ ಕಟ್ಟಡ, ಕಲೆ ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಸರಿ ಮಾಡಿದ್ರು. ಒಳಗೆ ಫೋಟೋ ತೆಗೀಲಿಕ್ಕಿಲ್ಲ, ಅದು ಒಳ್ಳೇದೇ ಆಯ್ತು, ಬೆಂಚಲ್ಲಿ ಕೂತು ಕುತ್ತಿಗೆ ಎತ್ತಿ ನೋಡ್ತಾರೆ. ಭಾನುವಾರ ಬೆಳಿಗ್ಗೆ ಪೂಜೆ ಇರ್ತದೆ, ಶನಿವಾರವೇ ಮುಗಿಸಿ.

ಊಟದ ವಿಷಯ ಬರೆದ್ರೆ ಇದೇ ಬೇರೆ ಲೇಖನ ಆಗ್ತದೆ. ಬೆಳಿಗ್ಗೆ ಬನ್ಸು, ಗೋಳಿಬಜೆ ಸಂಜೆಗೆ. ಮಧ್ಯಾಹ್ನ ಮೀನೂಟಕ್ಕೆ ಹನ್ನೆರಡೂವರೆಯೊಳಗೆ ಹೋಗಿ, ಒಂದು ಗಂಟೆಗೆ ಹೋದ್ರೆ ತಿನ್ನುವವರ ಹಿಂದೆ ನಿಂತು ಕುರ್ಚಿ ಕಾಯ್ಬೇಕು. ಕುಚ್ಚಲಕ್ಕಿ ಅಭ್ಯಾಸ ಇಲ್ಲದವರು "ಬೆಳ್ತಿಗೆ" ಅಂತ ಹೇಳಿದ್ರೆ ಬಿಳಿ ಅನ್ನ ಕೊಡ್ತಾರೆ. ಕಾಣೆ ಮೀನಿನ ಫ್ರೈ, ಹುಳಿ ಖಾರದ ಬಂಗುಡೆ ಪುಳಿಮುಂಚಿ, ಅಷ್ಟು ಸಾಕು. ಪಾಂಫ್ರೆಟ್ ಬೆಂಗಳೂರಲ್ಲೂ ಸಿಗ್ತದೆ, ಅದಕ್ಕೆ ಇಲ್ಲಿ ದುಡ್ಡು ಹಾಕ್ಬೇಡಿ. ಕೋರಿರೊಟ್ಟಿ ರಾತ್ರಿಗಿರ್ಲಿ, ಗರಿಗರಿ ರೊಟ್ಟಿಯ ಮೇಲೆ ಕೋಳಿ ಸಾರು ಹಾಕಿದ ಕೂಡ್ಲೇ ತಿನ್ನಬೇಕು ಅಂತ ಮೊದ್ಲೇ ಹೇಳಿ, ಇಲ್ಲಾಂದ್ರೆ ಫೋಟೋ ತೆಗೆಯುವಷ್ಟರಲ್ಲಿ ಮೆತ್ತಗಾಗಿರ್ತದೆ. ಸಸ್ಯಾಹಾರಿಗಳಿದ್ರೆ ನೀರ್ ದೋಸೆ, ಅಕ್ಕಿ ಕಡುಬಿನ ಹಾಗಿನ ಪುಂಡಿ, ಮಳೆಗಾಲ ಆದ್ರೆ ಕೆಸುವಿನ ಎಲೆಯ ಪತ್ರೊಡೆ.

ಭಾನುವಾರ ಹಗಲು ಏನು ಅಂದ್ರೆ, ಎರಡು ದಾರಿ. ಪ್ರಾಣಿ ಪಕ್ಷಿ ಇಷ್ಟ ಇದ್ರೆ ಪಿಲಿಕುಳ, ಕಾಳಿಂಗ ಸರ್ಪಕ್ಕೆ ಮರಿ ಮಾಡಿಸುವ ಝೂ ಅದು, ಮರದ ನೆರಳೂ ಇದೆ. ಸೋಮವಾರ ರಜೆ ಇರ್ತದೆ, ನಿಮಗೆ ತೊಂದರೆ ಇಲ್ಲ. ಕಲ್ಲು ಕೆತ್ತನೆ ಇಷ್ಟ ಇದ್ರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1430ರದ್ದು, ಸರ್ವಿಸ್ ಬಸ್ಸಲ್ಲೇ ಹೋಗಬಹುದು, ಒಂದು ಕಂಬದ ಹಾಗೆ ಇನ್ನೊಂದು ಇಲ್ಲ. ಎರಡೂ ಒಂದೇ ದಿನ ತುರುಕಬೇಡಿ. ಉಡುಪಿ, ಮಲ್ಪೆ, ಸೈಂಟ್ ಮೇರೀಸ್ ದ್ವೀಪ ಎಲ್ಲ ಸೇರಿಸುವ ಅಂತ ಒಬ್ಬ ಫ್ರೆಂಡ್ ಹಠ ಹಿಡಿದೇ ಹಿಡೀತಾನೆ, ಅವನಿಗೆ "ಅದಕ್ಕೆ ಇನ್ನೊಮ್ಮೆ ಬಾ" ಅಂತ ಹೇಳಿ.

ಮತ್ತೆ ಗಡ್‌ಬಡ್ ಐಸ್‌ಕ್ರೀಮ್ ಶನಿವಾರ ರಾತ್ರಿಯೇ ತಿನ್ನಿಸಿಬಿಡಿ. ಐಡಿಯಲ್‌ನವರು 1975ರಿಂದ ಐಸ್‌ಕ್ರೀಮ್ ಮಾಡ್ತಿದ್ದಾರೆ, ಲಾಲ್‌ಬಾಗಿನ ಪಬ್ಬಾಸ್ ಅವರದ್ದೇ, ರಾತ್ರಿ ಊಟ ಆದ ಮೇಲೆ ಅಲ್ಲಿ ಜಾಗ ಸಿಕ್ಕಿದ್ರೆ ನಿಮ್ಮ ಅದೃಷ್ಟ. ಉದ್ದದ ಗ್ಲಾಸಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ, ನಡುನಡುವೆ ಬೇರೆ ಬೇರೆ ಐಸ್‌ಕ್ರೀಮು, ಚಮಚ ತಳಕ್ಕೆ ಇಳಿಸಿ ಕೆಳಗಿಂದ ಎತ್ತಿ ತಿನ್ನುದು, ಮೇಲಿಂದ ತಿಂತಾ ಬಂದ್ರೆ ಕೊನೆಗೆ ಬರೀ ಜೆಲ್ಲಿ ಉಳೀತದೆ. ಭಾನುವಾರ ರಾತ್ರಿ ಬಸ್ಸಿಗೆ ಮೊದ್ಲು ತಿನ್ನಿಸಿದ್ರೆ ಶಿರಾಡಿ ಘಾಟಿಯ ತಿರುವಲ್ಲಿ ಪಕ್ಕದ ಸೀಟಿನವರಿಗೆ ಕಷ್ಟ.