ಓಪನ್‌ಸ್ಕ್ಯಾಡ್: ಸಾಲನ್ನು ಬಲದಿಂದ ಎಡಕ್ಕೆ ಓದಿ

ಓಪನ್‌ಸ್ಕ್ಯಾಡ್‌ನಲ್ಲಿ ಮೌಸ್ ಹಿಡಿದು ಆಕಾರ ಎಳೆಯುವ ಹಾಗಿಲ್ಲ; ಇದು ಕೋಡ್ ಬರೆದು 3ಡಿ ಆಕಾರ ಮಾಡುವ ತಂತ್ರಾಂಶ. ಎಡಿಟರ್‌ನಲ್ಲಿ ಅಳತೆ ಬರೆದು ಎಫ್5 ಒತ್ತಿದರೆ ಪಕ್ಕದಲ್ಲಿ ಆಕಾರ (ಪ್ರಿವ್ಯೂ) ಕಾಣುತ್ತದೆ. ಮೂಲ ಆಕಾರಗಳು ಕ್ಯೂಬ್, ಸ್ಫಿಯರ್, ಸಿಲಿಂಡರ್. ಕೂಡಿಸಲು ಯೂನಿಯನ್, ಕೊರೆಯಲು ಡಿಫರೆನ್ಸ್. ಡಿಫರೆನ್ಸ್‌ನಲ್ಲಿ ಮೊದಲು ಬರೆದದ್ದು ಉಳಿಯುತ್ತದೆ, ಆಮೇಲೆ ಬರೆದದ್ದೆಲ್ಲ ಅದರಿಂದ ಕಳೆದುಹೋಗುತ್ತದೆ. ಇಷ್ಟು ಬೇಗ ಬಂತು.

ನನ್ನನ್ನು ಮೂರು ಸಂಜೆ ಕಾಡಿದ್ದು ಒಂದೇ ಸಾಲು. 4 ಎಂಎಂ ದಪ್ಪದ ದುಂಡು ಮುಚ್ಚಳ, ಸುತ್ತ 8 ಸ್ಕ್ರೂ ತೂತು ಬೇಕಿತ್ತು. ಫಾರ್ ಲೂಪ್ (ಒಂದೇ ಸಾಲನ್ನು ಮತ್ತೆ ಮತ್ತೆ ನಡೆಸುವ ಆಜ್ಞೆ) ಹಾಕಿ, ಎಣಿಕೆಯ ಐ 0ಯಿಂದ 7ರವರೆಗೆ ಅಂತ ಕೊಟ್ಟು, ಹೀಗೆ ಬರೆದೆ (ಇಲ್ಲಿ ಓದಲು ಕನ್ನಡ ಅಕ್ಷರ, ಎಡಿಟರ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು; ಟ್ರಾನ್ಸ್‌ಲೇಟ್ ಅಂದರೆ ಸರಿಸುವುದು, ರೊಟೇಟ್ ಅಂದರೆ ತಿರುಗಿಸುವುದು, ಡಿ ವ್ಯಾಸ, ಎಚ್ ಎತ್ತರ, ಆವರಣದ ಮೂರು ಅಂಕಿ ಕ್ರಮವಾಗಿ ಎಕ್ಸ್, ವೈ, ಝಡ್ ದಿಕ್ಕಿಗೆ):

ಟ್ರಾನ್ಸ್‌ಲೇಟ್([20, 0, -1]) ರೊಟೇಟ್([0, 0, ಐ*45]) ಸಿಲಿಂಡರ್(ಡಿ=3, ಎಚ್=6);

ಬಂದದ್ದು ಒಂದೇ ತೂತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಸಿಲಿಂಡರ್ ಮುಂದೆ ಹ್ಯಾಶ್ ಗುರುತು ಹಾಕಿ ನೋಡಿದೆ. ಹಾಗೆ ಮಾಡಿದರೆ ಕೊರೆಯುವ ಭಾಗ ಪಾರದರ್ಶಕ ಕೆಂಪಾಗಿ ಕಾಣುತ್ತದೆ. ಎಂಟೂ ಸಿಲಿಂಡರ್ ಒಂದರೊಳಗೊಂದು ಕೂತಿದ್ದವು!

ಕಾರಣ ಎರಡು, ಮತ್ತು ಎರಡೂ ಒಟ್ಟಿಗೇ ಹೊಳೆಯಬೇಕು. ಒಂದು, ಆಕಾರಕ್ಕೆ ಹತ್ತಿರ ಇರುವ ಆಜ್ಞೆ ಮೊದಲು ನಡೆಯುತ್ತದೆ. ಎರಡು, ರೊಟೇಟ್ ಯಾವಾಗಲೂ ಸೊನ್ನೆ ಬಿಂದುವಿನ ಸುತ್ತ ತಿರುಗಿಸುತ್ತದೆ, ವಸ್ತುವಿನ ನಡುವಿನ ಸುತ್ತ ಅಲ್ಲ. ನನ್ನ ಸಾಲಿನಲ್ಲಿ ಸಿಲಿಂಡರ್ ಇನ್ನೂ ಸೊನ್ನೆಯಲ್ಲೇ ಇದ್ದಾಗ ತಿರುಗಿತು. ದುಂಡಗಿನದು ನಿಂತಲ್ಲೇ ತಿರುಗಿದರೆ ಏನು ಬದಲಾಗುತ್ತದೆ? ಆಮೇಲೆ ಎಂಟೂ ಅದೇ 20 ಎಂಎಂ ದೂರಕ್ಕೆ ಹೋದವು.

ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ಗೂಟ ಅಂಚಿನಲ್ಲಿದೆ, ಅದಕ್ಕೇ ಕಲ್ಲು ತಿರುಗಿದಾಗ ಅದು ಸುತ್ತು ಹೊಡೆಯುತ್ತದೆ. ಅದನ್ನು ನಡುವೆ ನೆಟ್ಟಿದ್ದರೆ ಇದ್ದಲ್ಲೇ ಇರುತ್ತಿತ್ತು. ಮೊದಲು ಅಂಚಿಗೆ ಸರಿಸು, ಆಮೇಲೆ ತಿರುಗಿಸು. ಅಂದರೆ:

ರೊಟೇಟ್([0, 0, ಐ*45]) ಟ್ರಾನ್ಸ್‌ಲೇಟ್([20, 0, -1]) ಸಿಲಿಂಡರ್(ಡಿ=3, ಎಚ್=6);

ನನಗೆ ತುಂಬಾ ಇಷ್ಟವಾದ ಉಪಾಯ ಇದು: ಸಾಲನ್ನು ಬಲದಿಂದ ಎಡಕ್ಕೆ ಓದಿ. "ಸಿಲಿಂಡರನ್ನು 20 ಸರಿಸಿ, 45 ಡಿಗ್ರಿ ತಿರುಗಿಸು." ನೇರ ಕನ್ನಡ ವಾಕ್ಯ, ಅಲ್ವಾ? ನಮ್ಮಲ್ಲಿ ವಸ್ತು ಮೊದಲು, ಕೆಲಸ ಆಮೇಲೆ, ಕೊನೆಯ ಕೆಲಸ ಕೊನೆಗೆ. ಬರೆದ ಪ್ರತಿ ಸಾಲನ್ನೂ ಈಗ ಹೀಗೆ ಬಾಯಲ್ಲಿ ಹೇಳಿ ನೋಡುತ್ತೇನೆ. ಮಾತು ತಪ್ಪೆನಿಸಿದರೆ ಸಾಲೂ ತಪ್ಪಿರುತ್ತದೆ.

ಸಿಲಿಂಡರ್ ಎತ್ತರ 6, ಶುರು -1 ಏಕೆ? ತೂತು ಮುಚ್ಚಳಕ್ಕಿಂತ ಎರಡೂ ಕಡೆ ಸ್ವಲ್ಪ ಚಾಚಿರಬೇಕು. ಸರಿಯಾಗಿ 4 ಕೊಟ್ಟರೆ ಎರಡು ಮೈ ಒಂದೇ ಮಟ್ಟದಲ್ಲಿ ಬಂದು, ಪ್ರಿವ್ಯೂನಲ್ಲಿ ತೂತಿನ ಮೇಲೆ ತೆಳು ಪೊರೆ ಮಿನುಗುತ್ತದೆ.

ಎಂಟು ತೂತು ಬಂದವು, ಆದರೆ 3 ಎಂಎಂ ಸ್ಕ್ರೂ ಹೋಗಲಿಲ್ಲ. ಇಲ್ಲಿ ದುಂಡು ಅಂದರೆ ಬಹುಭುಜ. ಎಷ್ಟು ಬದಿ ಅಂತ ಹೇಳದಿದ್ದರೆ ಇಷ್ಟು ಸಣ್ಣ ತೂತಿಗೆ ಸಿಗುವುದು ಐದೇ ಬದಿ! ಮೂಲೆಗಳು ಮಾತ್ರ ವೃತ್ತದ ಮೇಲಿರುತ್ತವೆ, ಬದಿಗಳು ಒಳಗೆ. ನಡುವಿನಿಂದ ಬದಿಗೆ 1.5 ಬದಲು ಸುಮಾರು 1.21 ಎಂಎಂ ಅಷ್ಟೇ. ಸಿಲಿಂಡರ್‌ಗೆ ಡಾಲರ್ ಎಫ್‌ಎನ್ = 60 ($fn, ಬದಿಗಳ ಸಂಖ್ಯೆ) ಅಂತ ಸೇರಿಸಿ, ವ್ಯಾಸವನ್ನೂ 3.4 ಮಾಡಿದೆ. ಎಫ್6 ಒತ್ತಿ ಪೂರ್ತಿ ರೆಂಡರ್ ಮಾಡಿ, ಎಸ್‌ಟಿಎಲ್ (3ಡಿ ಪ್ರಿಂಟ್‌ಗೆ ಬೇಕಾದ ಫೈಲ್) ತೆಗೆದು ಪ್ರಿಂಟ್ ಹಾಕಿದೆ. ಸ್ಕ್ರೂ ಸಲೀಸಾಗಿ ಇಳಿಯಿತು.

ಇದೇ ಗುಣ ನಟ್‌ಗೆ ಬೇಕಾಗುತ್ತದೆ. ಡಾಲರ್ ಎಫ್‌ಎನ್ = 6 ಕೊಟ್ಟರೆ ಸಿಲಿಂಡರ್ ಆರು ಮೂಲೆಯ ಗುಂಡಿಯಾಗುತ್ತದೆ. ಆದರೆ ಡಿ ಅಂದರೆ ಮೂಲೆಯಿಂದ ಮೂಲೆಗೆ. ಎಂ3 ನಟ್ (3 ಎಂಎಂ ಸ್ಕ್ರೂಗೆ ಹೊಂದುವುದು) ಬದಿಯಿಂದ ಬದಿಗೆ 5.5 ಎಂಎಂ, ಹಾಗಾಗಿ 5.5 / ಕಾಸ್(30), ಅಂದರೆ 6.35 ಕೊಡಬೇಕು, ಮೇಲೆ ಸ್ವಲ್ಪ ಸಡಿಲ. ಕಾಸ್ ಇಲ್ಲಿ ಡಿಗ್ರಿಯನ್ನೇ ತೆಗೆದುಕೊಳ್ಳುತ್ತದೆ, ರೇಡಿಯನ್ ಲೆಕ್ಕ ಬೇಡ.