ಗಾಲ್ಫ್ ಕೋರ್ಸ್ ಉದ್ದ ಇಲ್ಲ ಅಂದ್ರೆ ಸುಲಭ ಅಂತಾನಾ?

ಪ್ರಶ್ನೆ: ಕೊಡಗಿನ ಬಿಟ್ಟಂಗಾಲಕ್ಕೆ ಗಾಲ್ಫ್ ಆಡಲು ಹೋಗೋಣ ಅಂದ್ರೆ ಗೆಳೆಯರು, ‘ಗುಡ್ಡದ ಕೋರ್ಸ್, ಉದ್ದ ಇಲ್ಲ, ಮಜಾ ಇರಲ್ಲ’ ಅಂತಾರೆ. ನಿಜಾನಾ?

ಮತ್ತೆ ಅದೇ ಪ್ರಶ್ನೆ! ಆಡಿ ಬನ್ನಿ, ಆಮೇಲೆ ಮಾತಾಡೋಣ.

ಈ ಉದ್ದದ ಹುಚ್ಚು ಯಾರು ಹತ್ತಿಸಿದರೋ. 2017ರ ಯುಎಸ್ ಓಪನ್ ಗಾಲ್ಫ್ ಟೂರ್ನಿ ನಡೆದದ್ದು ಅಮೆರಿಕದ ಎರಿನ್ ಹಿಲ್ಸ್‌ನಲ್ಲಿ. ಕೋರ್ಸಿನ ಉದ್ದ 7,741 ಯಾರ್ಡ್. ಬ್ರೂಕ್ಸ್ ಕೆಪ್ಕಾ ಪಾರ್‌ಗಿಂತ (ಕೋರ್ಸಿಗೆ ನಿಗದಿಯಾದ ಹೊಡೆತಗಳ ಲೆಕ್ಕ) 16 ಹೊಡೆತ ಕಡಿಮೆಯಲ್ಲಿ ಆಡಿ ಗೆದ್ದರು. 2013ರಲ್ಲಿ ಅದೇ ಟೂರ್ನಿ ನಡೆದ ಮೆರಿಯನ್ 7,000 ಯಾರ್ಡ್ ಕೂಡ ಇರಲಿಲ್ಲ. ಅಲ್ಲಿ ಒಬ್ಬರಿಗೂ ಪಾರ್ ದಕ್ಕಲಿಲ್ಲ. ಗೆದ್ದ ಜಸ್ಟಿನ್ ರೋಸ್ ಅವರದ್ದೇ ಒಂದು ಹೊಡೆತ ಜಾಸ್ತಿ. ಎರಡೂ ಸಮುದ್ರದಿಂದ ದೂರ ಇರುವ ಕೋರ್ಸ್‌ಗಳು. ಹಾಗಾಗಿ ‘ಕಡಲ ಗಾಳಿಯ ಆಟ’ ಅನ್ನೋ ನೆಪವೂ ನಡೆಯಲ್ಲ. ಮಾಸ್ಟರ್ಸ್ ಟೂರ್ನಿ ನಡೆಯುವ ಅಗಸ್ಟಾದ 12ನೇ ಹೋಲ್, ಅಂದರೆ ಮೊದಲ ಹೊಡೆತದ ಜಾಗದಿಂದ ಕುಳಿವರೆಗಿನ ದಾರಿ, ಬರೀ 155 ಯಾರ್ಡ್. ಎಷ್ಟೋ ಮಂದಿಯ ಮಾಸ್ಟರ್ಸ್ ಕನಸು ಮುಳುಗಿದ್ದು ಅಲ್ಲಿನ ತೋಡಿನಲ್ಲೇ.

ಇನ್ನು ಗುಡ್ಡದ ಲೆಕ್ಕ. ಸ್ಕೋರ್ ಕಾರ್ಡಿನಲ್ಲಿ 150 ಯಾರ್ಡ್ ಅಂತ ಇರುತ್ತದೆ. ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) 30 ಅಡಿ ಮೇಲಿದ್ದರೆ ಅದನ್ನು ಸುಮಾರು 160 ಅಂದುಕೊಂಡೇ ಹೊಡೆಯಬೇಕು. ಸಮತಟ್ಟು ನೆಲ ಸಿಗುವುದು ಮೊದಲ ಹೊಡೆತ ಹೊಡೆಯುವ ಟೀಯಲ್ಲಿ ಮಾತ್ರ ಅಂದುಕೊಳ್ಳಿ. ಚೆಂಡು ಕಾಲಿಗಿಂತ ಮೇಲಿದ್ದರೆ ಬಲಗೈ ಆಟಗಾರನ ಹೊಡೆತ ಎಡಕ್ಕೆ ಎಳೆಯುತ್ತದೆ, ಕೆಳಗಿದ್ದರೆ ಬಲಕ್ಕೆ. ಮೇಲಿದ್ದಾಗ ಕ್ಲಬ್ಬನ್ನು (ಹೊಡೆಯುವ ಕೋಲು) ಒಂದಿಷ್ಟು ಕೆಳಗೆ ಹಿಡಿದು, ಗುರಿಯನ್ನು ಬಲಕ್ಕೆ ಸರಿಸಿ ನಿಲ್ಲೋದು ಗೊತ್ತಿಲ್ಲದವರು ಚೆಂಡು ಹುಡುಕಲು ತೋಟಕ್ಕೆ ಇಳಿಯುತ್ತಾರೆ. ಹಾಕಿ ಆಡಿ ಪಳಗಿದ ನಮ್ಮ ಹುಡುಗರ ಪಾಡಂತೂ ಕೇಳಲೇಬೇಡಿ, ತೋಳಲ್ಲಿ ಬಲ ಇದೆ, ತಾಳ್ಮೆ ಇಲ್ಲ. ಗ್ರೀನ್ ಯಾವ ಕಡೆ ವಾಲಿದೆ ಅಂತ ಮೊದಲು ನೋಡಿ, ಎರಡನೇ ಹೊಡೆತ ಎಲ್ಲಿಂದ ಬಂದರೆ ಒಳ್ಳೇದು ಅಂತ ಲೆಕ್ಕ ಹಾಕಿ, ಆಮೇಲೆ ಟೀಗೆ ಬನ್ನಿ. ಗುಡ್ಡದ ಕೋರ್ಸಿನ ವಿನ್ಯಾಸ ಅರ್ಥ ಆಗೋದು ಹಾಗೆ ಹಿಂದಿನಿಂದ ಓದಿದಾಗಲೇ.

ನೀವು ಕೇಳಿಲ್ಲ, ಆದರೂ ಮಳೆಗಾಲದ ಮಾತು ಹೇಳಿಬಿಡುತ್ತೇನೆ. ನಮ್ಮ ಜೂನ್-ಜುಲೈ ಗೊತ್ತಲ್ಲ, ಚೆಂಡು ಬಿದ್ದ ಕಡೆಯೇ ಹೂತುಕೊಳ್ಳುತ್ತದೆ. ದಂಡದ ಹೊಡೆತ ಅಂತ ಹೆದರಬೇಡಿ. ಹೂತ ಜಾಗದ ಸರಿ ಹಿಂದಿನಿಂದ ಒಂದು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರ ಆಗದಂತೆ, ಮೊಣಕಾಲೆತ್ತರದಿಂದ ಚೆಂಡನ್ನು ಬಿಡಿ. ಪುಕ್ಕಟೆ. ಭುಜದೆತ್ತರದಿಂದ ಬಿಡುವ ಹಳೇ ಪದ್ಧತಿ 2019ರಲ್ಲೇ ಹೋಯಿತು. ಆದರೆ ಬಂಕರ್‌ನ (ಕೋರ್ಸಿನ ಮರಳು ಗುಂಡಿ) ಮರಳಲ್ಲಿ ಹೂತರೆ ಈ ರಿಯಾಯಿತಿ ಇಲ್ಲ.